ಹಾಲ್‌ನಲ್ಲಿರುವ ಹಳೇ ಫ್ಯೂಸ್ ಬೋರ್ಡ್: ಮುಚ್ಚಿಬಿಡಬೇಕಾ, ಬೇರೆ ಕಡೆಗೆ ಹಾಕಿಸಬೇಕಾ?

ದಾವಣಗೆರೆ ಹಳೇಮನೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮ ತಂದೆ 1984ರಲ್ಲಿ ಕಟ್ಟಿಸಿದ ಮನೆ ಇದೆ. ಈಗ ಹಾಲ್ ಮತ್ತು ಅಡುಗೆಮನೆ ರಿಪೇರಿ ಮಾಡಿಸುತ್ತಿದ್ದೇವೆ. ಮುಂಬಾಗಿಲು ತೆಗೆದರೆ ಎದುರು ಗೋಡೆಯಲ್ಲಿ ಮೊದಲು ಕಾಣುವುದೇ ಫ್ಯೂಸ್ ಬೋರ್ಡು. ಮರದ ಹಲಗೆ, ಅದರ ಮೇಲೆ ಪಿಂಗಾಣಿ ಫ್ಯೂಸ್‌ಗಳ ಸಾಲು, ಪಕ್ಕದಲ್ಲಿ ಕಬ್ಬಿಣದ ಮೇನ್ ಸ್ವಿಚ್, ಕೆಳಗೆ ಆಮೇಲೆ ಸೇರಿಸಿದ ಇನ್ವರ್ಟರ್‌ನ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಟ್ರಿಪ್ ಆಗಿ ಲೈನ್ ಕಡಿಯುವ ಸ್ವಿಚ್). ಮೀಟರ್ ಹೊರಗೆ ವರಾಂಡದಲ್ಲಿದೆ.

ಇಂಟೀರಿಯರ್ ಕೆಲಸದವರು ಹೇಳುವುದು, ಟಿವಿ ಯೂನಿಟ್‌ನ ಪ್ಯಾನೆಲ್ಲನ್ನೇ ಅದರ ಮೇಲೆ ತಂದು ಪೂರ್ತಿ ಮುಚ್ಚಿಬಿಡೋಣ ಅಂತ. ನಮ್ಮ ಎಲೆಕ್ಟ್ರಿಷಿಯನ್ ಹೇಳುವುದು, ಮೆಟ್ಟಿಲ ಕೆಳಗಿನ ಸಾಮಾನು ಗೂಡಿಗೆ ಶಿಫ್ಟ್ ಮಾಡೋಣ ಅಂತ. ಅಮ್ಮನಿಗೆ ಎರಡೂ ಇಷ್ಟವಿಲ್ಲ. ಫ್ಯೂಸ್ ಹೋದರೆ ಕತ್ತಲಲ್ಲಿ ನಾನೆಲ್ಲಿ ಹುಡುಕಲಿ ಅಂತಾರೆ. ಖರ್ಚು ಆದರೂ ಪರವಾಗಿಲ್ಲ, ಮತ್ತೆ ಮತ್ತೆ ಗೋಡೆ ಒಡೆಯುವ ಹಾಗಾಗಬಾರದು. ಮಾಡಿಸಿದವರು ದಯವಿಟ್ಟು ಹೇಳಿ.

ತುಮಕೂರು ಕಡೆಯವ

ನಮ್ಮನೆಯಲ್ಲಿ ಅದರ ಮುಂದೆ ದೊಡ್ಡ ಕ್ಯಾಲೆಂಡರ್ ನೇತುಹಾಕಿದ್ದೇವೆ. ಏನೂ ತೊಂದರೆ ಇಲ್ಲ. ಸುಮ್ನೆ ಖರ್ಚು ಯಾಕೆ ಸರ್?

ವೈರ್‌ಮನ್ ಹುಬ್ಬಳ್ಳಿ

ತುಮಕೂರಿನವರೇ, ಎಂಸಿಬಿ ಇರುವ ಕಬ್ಬಿಣದ ಪೆಟ್ಟಿಗೆ, ಅಂದರೆ ಡಿಬಿ, ಅದರ ಮುಂದೆ ಕ್ಯಾಲೆಂಡರ್ ಇದ್ದರೆ ಅದು ಬೇರೆ ಮಾತು. ಅದೂ ಬೇಡ ಅಂತಲೇ ನನ್ನ ಅಭಿಪ್ರಾಯ. ಇವರದ್ದು ತೆರೆದ ಕಿಟ್‌ಕ್ಯಾಟ್ ಫ್ಯೂಸು, ಅಂದರೆ ವೈರ್ ಕಟ್ಟುವ ಪಿಂಗಾಣಿ ಫ್ಯೂಸು. ಫ್ಯೂಸ್ ವೈರ್ ಸುಟ್ಟು ಹೋಗುವಾಗ ಕಿಡಿ ಹಾರುತ್ತದೆ, ಕರಗಿದ ತಾಮ್ರದ ಹನಿ ಬೀಳುತ್ತದೆ. ಅದರ ಮುಂದೆ ಕಾಗದ ನೇತುಹಾಕಬಾರದು, ಪ್ಲೈವುಡ್ ಪ್ಯಾನೆಲ್ ಅಂತೂ ಹಾಕಲೇಬಾರದು.

ದಾವಣಗೆರೆಯವರಿಗೆ ನನ್ನ ಪ್ರಶ್ನೆ ಬೇರೆ. ಬೋರ್ಡ್ ಎಲ್ಲಿಡಬೇಕು ಅನ್ನುವುದು ಆಮೇಲೆ. ಮೊದಲು ಅದರ ಹಿಂದೆ ಏನಿದೆ ಅಂತ ನೋಡಿ. 1984ರ ಮನೆ ಅಂದರೆ ವೈರ್ ಅಲ್ಯೂಮಿನಿಯಂ ಇರುವ ಸಾಧ್ಯತೆ ಜಾಸ್ತಿ. ಆ ಕಾಲದಲ್ಲಿ ಮನೆಗಳಿಗೆ ಅದನ್ನೇ ತುಂಬಾ ಎಳೆಯುತ್ತಿದ್ದರು. ಎಲೆಕ್ಟ್ರಿಷಿಯನ್ನನ್ನು ಕರೆಸಿ, ಮೇನ್ ಆಫ್ ಮಾಡಿಸಿ, ಇನ್ವರ್ಟರ್ ಕೂಡ ಆಫ್ ಮಾಡಿಸಿ, ಒಂದು ಫ್ಯೂಸಿನ ಹಿಂದಿನ ವೈರ್ ತುದಿ ತೋರಿಸಲು ಹೇಳಿ. ಬೆಳ್ಳಗಿದೆಯಾ, ಕೆಂಪಗಿದೆಯಾ? ಅರ್ತ್ ವೈರ್ ಇದೆಯಾ? ಇಷ್ಟು ತಿಳಿದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಫ್ಲ್ಯಾಟ್‌ವಾಸಿ ಬೆಂಗಳೂರು

ಪೂರ್ತಿ ಮುಚ್ಚುವ ಪ್ಯಾನೆಲ್ ಬಗ್ಗೆ ನನ್ನ ಅನುಭವ ಕೇಳಿ. ಫ್ಲ್ಯಾಟ್ ತಗೊಂಡಾಗ ಒಂದು ಇಂಟೀರಿಯರ್ ಕಂಪನಿಗೆ ಕೆಲಸ ಕೊಟ್ಟಿದ್ದೆವು. ಡಿಬಿ ಇದ್ದ ಗೋಡೆಗೆ ವಾರ್ಡ್‌ರೋಬ್ ಮಾಡಿದರು. ಡಿಬಿ ಮುಂದಿನ ಹಿಂಬದಿ ಹಲಗೆಯನ್ನು ಸ್ಕ್ರೂ ಹಾಕಿ ಕೂರಿಸಿಬಿಟ್ಟರು. ಬಾಗಿಲು ಕೊಡಿ ಅಂತ ಡ್ರಾಯಿಂಗ್‌ನಲ್ಲೇ ಬರೆಸಿದ್ದೆವು, ಆದರೂ ಕೊಡಲಿಲ್ಲ. ಒಂದು ರಾತ್ರಿ ಬಟ್ಟೆ ಕಪಾಟಿನಿಂದ ಸುಟ್ಟ ವಾಸನೆ. ಬಟ್ಟೆಯನ್ನೆಲ್ಲ ಕೆಳಗೆ ಎಳೆದು ಹಾಕಿ, ಸ್ಕ್ರೂಡ್ರೈವರ್ ಹುಡುಕಿ, ಹಲಗೆ ಬಿಚ್ಚುವಷ್ಟರಲ್ಲಿ ನನ್ನ ಹೆಂಡತಿ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿಯಾಗಿತ್ತು. ಕೊನೆಗೆ ಕೆಳಗೆ ಹೋಗಿ ಮೀಟರ್ ರೂಮಿನಲ್ಲಿ ಆಫ್ ಮಾಡಿದರು ಸೆಕ್ಯೂರಿಟಿಯವರು. ಎಸಿ ಲೈನಿನ ಎಂಸಿಬಿಯ ಸ್ಕ್ರೂ ಸಡಿಲವಾಗಿ ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿತ್ತು.

ಲೂಸ್ ಕನೆಕ್ಷನ್ ಇದ್ದರೆ ಎಂಸಿಬಿ ಟ್ರಿಪ್ ಆಗಲೇಬೇಕು ಅಂತೇನಿಲ್ಲ. ಕರೆಂಟ್ ಮಾಮೂಲಿ ಮಟ್ಟದಲ್ಲೇ ಹರಿಯುತ್ತಿರುತ್ತದೆ, ಆ ಒಂದು ಜಾಗ ಮಾತ್ರ ಕೆಂಪಗೆ ಕಾಯುತ್ತದೆ. ಅದನ್ನು ಹಿಡಿಯುವುದು ನಮ್ಮ ಮೂಗು, ಕಣ್ಣು. ಮುಚ್ಚಿಟ್ಟರೆ ಅವೆರಡೂ ಕೆಲಸಕ್ಕೆ ಬರುವುದಿಲ್ಲ.

ಒಳಾಂಗಣ

ನಾನು ಇಂಟೀರಿಯರ್ ಕೆಲಸವನ್ನೇ ಮಾಡುವವಳು. ಎಲ್ಲರೂ ಹಾಗೆ ಮಾಡುವುದಿಲ್ಲ, ದಯವಿಟ್ಟು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಡಿಬಿ ಮರೆಮಾಡಲು ಒಳ್ಳೆಯ ದಾರಿಗಳಿವೆ. ಕೀಲು ಹಾಕಿದ ಶಟರ್ ಕೊಡಬಹುದು. ದೊಡ್ಡ ಫೋಟೋ ಫ್ರೇಮನ್ನು ಬಾಗಿಲಿನ ಹಾಗೆ ಒಂದು ಬದಿಗೆ ತೆರೆಯುವಂತೆ ಕೂರಿಸಬಹುದು. ಮೇಲೆ ಕೆಳಗೆ ಗಾಳಿಯಾಡಲು ಸಂದು ಬಿಡುತ್ತೇವೆ. ಬೀಗ ಇಡುವುದಿಲ್ಲ.

ಇದಕ್ಕಿಂತ ಸುಲಭ ಇನ್ನೊಂದಿದೆ. ಗೋಡೆಯೊಳಗೆ ಕೂರುವ ಡಬಲ್ ಡೋರ್ ಡಿಬಿ ಸಿಗುತ್ತದೆ. ಹೊರಗಿನ ಕಬ್ಬಿಣದ ಬಾಗಿಲಿಗೆ ಗೋಡೆಯ ಬಣ್ಣವನ್ನೇ ಹೊಡೆಸಿದರೆ ಅರ್ಧಕ್ಕರ್ಧ ಜನ ಅದನ್ನು ಗಮನಿಸುವುದೇ ಇಲ್ಲ. ನನ್ನ ಗಿರಾಕಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

ವೈರ್‌ಮನ್ ಹುಬ್ಬಳ್ಳಿ

ಮೇಡಂ ಹೇಳಿದ್ದು ಸರಿ ಇದೆ. ಒಂದೇ ಎಚ್ಚರಿಕೆ, ಗೋಡೆ ನಾಲ್ಕೂವರೆ ಇಂಚಿನದ್ದಾದರೆ ಗೋಡೆಯೊಳಗಿನ ಡಿಬಿ ಬೇಡ. ಹಿಂದೆ ಉಳಿಯುವುದು ಪ್ಲಾಸ್ಟರ್ ಮಾತ್ರ, ಆಚೆ ರೂಮಿನ ಕಡೆ ಬಿರುಕು ಬರುತ್ತದೆ. ಒಂಬತ್ತು ಇಂಚಿನ ಗೋಡೆಯಾದರೆ ಚಿಂತೆಯಿಲ್ಲ.

ಗಾಳಿಯಾಡಬೇಕು ಅಂದಿದ್ದಕ್ಕೂ ಕಾರಣ ಇದೆ. ಮನೆಯ ಎಂಸಿಬಿಯ ರೇಟಿಂಗ್ 30 ಡಿಗ್ರಿ ಸೆಲ್ಸಿಯಸ್ ಲೆಕ್ಕಕ್ಕೆ ಕೊಟ್ಟಿರುವುದು. ಅದರೊಳಗೆ ಬಿಸಿಗೆ ಬಾಗುವ ಪಟ್ಟಿ ಇರುತ್ತದೆ. ಮುಚ್ಚಿದ ಕಪಾಟಿನಲ್ಲಿ, ಏಪ್ರಿಲ್ ತಿಂಗಳ ಸೆಕೆಯಲ್ಲಿ, ಅಕ್ಕಪಕ್ಕ ಎಲ್ಲಾ ಎಂಸಿಬಿಗಳಲ್ಲೂ ಲೋಡ್ ಇದ್ದರೆ ಒಳಗಿನ ಬಿಸಿ ಅದಕ್ಕಿಂತ ಎಷ್ಟೋ ಜಾಸ್ತಿ ಆಗುತ್ತದೆ. ಆಗ ರೇಟಿಂಗಿಗಿಂತ ಕಡಿಮೆ ಲೋಡಿಗೇ ಟ್ರಿಪ್ ಆಗುತ್ತದೆ. ಜನ ಎಂಸಿಬಿ ಕೆಟ್ಟಿದೆ ಅಂದುಕೊಂಡು 16 ಆಂಪಿಯರ್ ತೆಗೆದು 32 ಹಾಕಿಸುತ್ತಾರೆ. ವೈರ್ ಮಾತ್ರ ಅದೇ 2.5 ಚದರ ಮಿಲಿಮೀಟರ್. ಅಲ್ಲಿಗೆ ಎಂಸಿಬಿ ಇದ್ದೂ ಇಲ್ಲದ ಹಾಗೆ.

ತುಮಕೂರು ಕಡೆಯವ

ಎಲ್ಲರೂ ಸೇರಿ ಹೆದರಿಸುತ್ತಿದ್ದೀರಿ ಅನ್ಸುತ್ತೆ. ನಮ್ಮ ಊರಿನಲ್ಲಿ ಅರ್ಧ ಮನೆಗಳಲ್ಲಿ ಇನ್ನೂ ಕಿಟ್‌ಕ್ಯಾಟ್ ಫ್ಯೂಸೇ ಇರುವುದು. ಯಾವ ಮನೆಯೂ ಸುಟ್ಟಿಲ್ಲ.

ಮಲೆನಾಡ ಮಳೆ

ಸುಟ್ಟಿಲ್ಲ ಅನ್ನುವುದು ಸಂತೋಷದ ವಿಷಯ. ಆದರೆ ಆ ಫ್ಯೂಸ್‌ಗಳಲ್ಲಿ ಈಗ ಯಾವ ವೈರ್ ಇದೆ ಅಂತ ಒಮ್ಮೆ ತೆಗೆದು ನೋಡಿಸಿ. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಪದೇ ಪದೇ ಫ್ಯೂಸ್ ಹೋಗುತ್ತದೆ. ಫ್ಯೂಸ್ ವೈರ್ ಸಿಗದಿದ್ದಾಗ ಬಲ್ಬ್ ವೈರಿನ ಎಳೆ ಬಿಚ್ಚಿ ಕಟ್ಟುತ್ತಾರೆ. ಒಂದೆಳೆ ನಿಲ್ಲದಿದ್ದರೆ ಮೂರೆಳೆ. ಹಾಗೆ ಕಟ್ಟಿದ ಮೇಲೆ ಫ್ಯೂಸ್ ಹೋಗುವುದೇ ಇಲ್ಲ, ಎಲ್ಲರಿಗೂ ನೆಮ್ಮದಿ. ಅದರ ಬದಲು ಹೋಗುವುದು ಗೋಡೆಯೊಳಗಿನ ವೈರು.

ಜಾಗದ ವಿಷಯಕ್ಕೆ ಬಂದರೆ ನನ್ನ ವೋಟು ಅಮ್ಮನಿಗೆ. ನಮ್ಮಲ್ಲಿ ಗುಡುಗು ಸಿಡಿಲು ಶುರುವಾದ ಕೂಡಲೇ ಮೇನ್ ಆಫ್ ಮಾಡುವ ರೂಢಿ. ಅದಕ್ಕೇ ಎಲ್ಲರ ಮನೆಯಲ್ಲೂ ಮೇನ್ ಸ್ವಿಚ್ ಜಗಲಿಯಲ್ಲಿ, ಕೈಗೆ ಸಿಗುವ ಹಾಗೆ ಇರುತ್ತದೆ. ಚೆಂದ ಕಾಣದಿದ್ದರೂ ಪರವಾಗಿಲ್ಲ.

ಕುಡ್ಲದಕ್ಕ

ಮಂಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮದು ಮುರಕಲ್ಲಿನ ಗೋಡೆ. ಮಳೆಗಾಲ ಬಂತೆಂದರೆ ಹೊರಗೋಡೆ ತಂಪು ಹಿಡಿಯುತ್ತದೆ. ಬೋರ್ಡ್ ಆ ಗೋಡೆಯಲ್ಲಿದ್ದರೆ ಒಳಗೆ ಸ್ಕ್ರೂ ತುಕ್ಕು, ತಾಮ್ರಕ್ಕೆ ಹಸಿರು ಪಾಚಿ ಹಿಡಿದ ಹಾಗೆ ಬಣ್ಣ. ಮತ್ತೆ ಇರುವೆ, ಹಲ್ಲಿ. ಪೈಪಿನ ಬಾಯಿ ತೆರೆದಿದ್ದರೆ ಅದರಲ್ಲೇ ಇಳಿದು ಬರುತ್ತವೆ. ದಾವಣಗೆರೆಯಲ್ಲಿ ಮಳೆ ಕಡಿಮೆ ಇರಬಹುದು, ಆದರೂ ಬಚ್ಚಲುಮನೆಯ ಇನ್ನೊಂದು ಬದಿಯ ಗೋಡೆ, ನೀರಿನ ಟ್ಯಾಂಕಿನ ಪೈಪ್ ಇಳಿಯುವ ಗೋಡೆ ಬೇಡ. ಮರದ ಹಲಗೆಗೆ ಗೆದ್ದಲು ಹಿಡಿದಿದೆಯಾ ಅಂತ ಕೂಡ ನೋಡಿ.

ದಕ್ಷಿಣಾಭಿಮುಖ

ವಾಸ್ತು ಪ್ರಕಾರ ಬೆಂಕಿ, ವಿದ್ಯುತ್ ಎರಡೂ ಆಗ್ನೇಯ ಮೂಲೆಯಲ್ಲಿರಬೇಕು. ಶಿಫ್ಟ್ ಮಾಡುವುದಾದರೆ ಅಲ್ಲಿಗೇ ಮಾಡಿ.

ವೈರ್‌ಮನ್ ಹುಬ್ಬಳ್ಳಿ

ಆಗ್ನೇಯ ಅಂದರೆ ಬಹಳಷ್ಟು ಮನೆಗಳಲ್ಲಿ ಅಡುಗೆಮನೆ. ಗ್ಯಾಸ್ ಒಲೆಯ ಮೇಲೆ, ಸಿಂಕಿನ ಮೇಲೆ ಬೋರ್ಡ್ ಇರಬಾರದು ಅಂತ ವೈರಿಂಗ್ ಕೋಡ್ ಹೇಳುತ್ತದೆ. ಆವಿ, ಎಣ್ಣೆ ಜಿಡ್ಡು, ನೀರು ಮೂರೂ ಅಲ್ಲೇ. ಆ ದಿಕ್ಕೇ ಬೇಕು ಅನ್ನುವವರು ಅಡುಗೆಮನೆಯ ಆಚೆ ಬದಿಯ ಒಣ ಗೋಡೆ ನೋಡಿಕೊಳ್ಳಲಿ. ನನ್ನ ಗಿರಾಕಿಗಳಲ್ಲಿ ಹಲವರು ಹಾಗೆ ಮಾಡಿಸಿದ್ದಾರೆ, ಎರಡಕ್ಕೂ ತೊಂದರೆಯಾಗಿಲ್ಲ.

ನಿವೃತ್ತ ಲೈನ್ ಮೇಸ್ತ್ರಿ

ಯಾರೂ ಇನ್ನೂ ಹೇಳದ ವಿಷಯ ಒಂದಿದೆ. ಯಾವುದು ನಿಮ್ಮದು, ಯಾವುದು ವಿದ್ಯುತ್ ಕಂಪನಿಯದ್ದು ಅಂತ ಮೊದಲು ತಿಳಿದುಕೊಳ್ಳಿ. ಕಂಬದಿಂದ ಬರುವ ಸರ್ವಿಸ್ ವೈರು, ಕಟೌಟು (ಕಂಪನಿಯ ಫ್ಯೂಸು), ಮೀಟರು, ಅದರ ಸೀಲು, ಇದನ್ನೆಲ್ಲ ನೀವಾಗಲಿ ನಿಮ್ಮ ಎಲೆಕ್ಟ್ರಿಷಿಯನ್ ಆಗಲಿ ಮುಟ್ಟುವ ಹಾಗಿಲ್ಲ. ದಾವಣಗೆರೆ ಬೆಸ್ಕಾಂ ವ್ಯಾಪ್ತಿ. ಮೀಟರ್ ಜಾಗ ಬದಲಿಸಬೇಕಾದರೆ ಉಪವಿಭಾಗದ ಕಚೇರಿಗೆ ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ನಿಮ್ಮ ಸಂಪರ್ಕದ ಸಂಖ್ಯೆ) ಹಾಕಿ ಅರ್ಜಿ ಕೊಡಬೇಕು. ಅವರೇ ಬಂದು ಬಿಚ್ಚಿ, ಹೊಸ ಜಾಗದಲ್ಲಿ ಕೂರಿಸಿ, ಸೀಲ್ ಹಾಕುತ್ತಾರೆ. ಸುಮ್ಮನೆ ಬಿಚ್ಚಿದರೆ 2003ರ ವಿದ್ಯುತ್ ಕಾಯ್ದೆಯ 138ನೇ ಕಲಂ ಪ್ರಕಾರ ಅಪರಾಧ. ಪೇಂಟ್ ಹೊಡೆಯುವವರು ಸೀಲ್ ಕಿತ್ತು ಮನೆಯವರು ಫಜೀತಿ ಪಟ್ಟಿದ್ದನ್ನು ನೋಡಿದ್ದೇನೆ. ಕೆಲಸ ಶುರುವಾಗುವ ಮುಂಚೆ ಪೇಂಟರಿಗೂ, ಗಾರೆಯವರಿಗೂ ಹೇಳಿಟ್ಟಿರಿ.

ಮೀಟರಿನಿಂದ ಈಚೆಗೆ ಬರುವುದು ನಿಮ್ಮದು. ಆದರೂ ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕೈಯಲ್ಲೇ ಮಾಡಿಸಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಇದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸಲು ಅದು ಬೇಡ. ಬೋರ್ಡ್ ಸ್ಥಳಾಂತರ, ಹೊಸ ಲೈನ್ ಎಳೆಯುವುದು ಅದರೊಳಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಸಹಿ ಮಾಡಿದ ವರದಿ ಇಸಿದುಕೊಳ್ಳಿ. ಮುಂದೆ ಲೋಡ್ ಜಾಸ್ತಿ ಮಾಡಿಸುವಾಗ ಬೇಕಾಗುತ್ತದೆ.

ಶಿರಸಿ ಸೊಸೆ

ಮೇಸ್ತ್ರಿಯವರೇ, ಮೀಟರ್ ಜಾಗ ಬದಲಿಸಿದರೆ ಗೃಹಜ್ಯೋತಿ ನಿಂತುಹೋಗುತ್ತದಾ? ನಮ್ಮ ಅತ್ತೆಗೆ ಅದೇ ಭಯ.

ನಿವೃತ್ತ ಲೈನ್ ಮೇಸ್ತ್ರಿ

ಗೃಹಜ್ಯೋತಿ ನೋಂದಣಿ ಖಾತೆಯ ಮೇಲೆ ಇರುವುದಮ್ಮಾ, ಮೀಟರ್ ಯಾವ ಗೋಡೆಯಲ್ಲಿದೆ ಅನ್ನುವುದರ ಮೇಲಲ್ಲ. ಅರ್ಜಿ ಕೊಡುವಾಗ ಅದೇ ಆರ್‌ಆರ್ ನಂಬರ್ ಮುಂದುವರಿಯುತ್ತದೆ ಅಂತ ಕಚೇರಿಯಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ, ಅತ್ತೆಯವರಿಗೂ ಸಮಾಧಾನವಾಗುತ್ತದೆ.

ರೆಡಿಂಗ್ ಕನ್ನಡಿಗ

ಇಂಗ್ಲೆಂಡಿನಲ್ಲಿದ್ದೇನೆ. ಮೆಟ್ಟಿಲ ಕೆಳಗಿನ ಗೂಡಿನ ಬಗ್ಗೆ ಒಂದು ಮಾತು. ಇಲ್ಲಿ ಬಹಳ ಮನೆಗಳಲ್ಲಿ ಬೋರ್ಡ್ ಇರುವುದೇ ಮೆಟ್ಟಿಲ ಕೆಳಗೆ. ಕೋಟು, ಬೂಟು, ವ್ಯಾಕ್ಯೂಮ್ ಕ್ಲೀನರ್ ಎಲ್ಲಾ ಅಲ್ಲೇ ತುಂಬಿರುತ್ತದೆ. ಸಡಿಲ ಕನೆಕ್ಷನ್‌ನಿಂದ ಪ್ಲಾಸ್ಟಿಕ್ ಬೋರ್ಡ್‌ಗಳಿಗೆ ಬೆಂಕಿ ಹತ್ತುತ್ತಿದೆ ಅಂತ ಲಂಡನ್ ಅಗ್ನಿಶಾಮಕ ದಳ ದನಿ ಎತ್ತಿತು. ಆಮೇಲೆ ವೈರಿಂಗ್ ನಿಯಮವನ್ನೇ ಬದಲಿಸಿದರು. 2016ರ ಜನವರಿಯಿಂದ ಮನೆಗಳಿಗೆ ಹಾಕುವ ಹೊಸ ಬೋರ್ಡಿನ ಪೆಟ್ಟಿಗೆ ಬೆಂಕಿ ಹತ್ತದ ವಸ್ತುವಿನದ್ದಾಗಿರಬೇಕು, ಅಂದರೆ ಸಾಮಾನ್ಯವಾಗಿ ಉಕ್ಕಿನದ್ದು. ಮಹಡಿಯಲ್ಲಿ ಮಲಗಿದವರು ಇಳಿದು ಬರುವ ದಾರಿಯೇ ಆ ಮೆಟ್ಟಿಲು. ಅದರ ಕೆಳಗೇ ಹೊಗೆ ಎದ್ದರೆ ಇಳಿಯುವುದು ಹೇಗೆ?

ನಿಮ್ಮ ಮನೆಯ ಮೆಟ್ಟಿಲು ಆರ್‌ಸಿಸಿ ಇರಬಹುದು, ಮರದ್ದಲ್ಲ. ಆದರೂ ಸಾಮಾನು ತುಂಬುವ ಗೂಡು ಅಂದಿರಲ್ಲ, ಅದು ನನಗೆ ಇಷ್ಟವಾಗಲಿಲ್ಲ.

ಒಳಾಂಗಣ

ಇದನ್ನು ಒಪ್ಪುತ್ತೇನೆ. ಗೂಡಿನಲ್ಲಿ ಜಾಗ ಖಾಲಿ ಇದೆ ಅಂದರೆ ಆರು ತಿಂಗಳಲ್ಲಿ ಅಲ್ಲಿ ಹಳೇ ಪೇಪರ್, ಪೊರಕೆ, ಪೇಂಟ್ ಡಬ್ಬ ಸೇರುತ್ತವೆ. ಎಷ್ಟು ಹೇಳಿದರೂ ಅಷ್ಟೇ.

ದಾವಣಗೆರೆ ಹಳೇಮನೆ

ಇಷ್ಟು ಜನ ಬರೆದಿದ್ದಕ್ಕೆ ತುಂಬಾ ಧನ್ಯವಾದ. ಎಲೆಕ್ಟ್ರಿಷಿಯನ್ ಬಂದಿದ್ದರು. ವೈರ್ ತುದಿ ಬೆಳ್ಳಗೇ ಇದೆ, ಅಲ್ಯೂಮಿನಿಯಂ. ಇನ್ವರ್ಟರ್ ಹಾಕಿದಾಗ ಎಳೆದ ಲೈನ್ ಮಾತ್ರ ತಾಮ್ರ. ಎರಡನ್ನೂ ಹೊಸೆದು ಟೇಪ್ ಸುತ್ತಿದ್ದಾರೆ, ಟೇಪ್ ಒಣಗಿ ಕಪ್ಪಗಾಗಿ ಬಿಟ್ಟುಕೊಂಡಿದೆ. ಪ್ಲಗ್‌ಗಳಿಗೆ ಅರ್ತ್ ಇದೆ, ಲೈಟ್ ಪಾಯಿಂಟ್‌ಗಳಿಗೆ ಇಲ್ಲ. ಹಲಗೆಯ ಕೆಳಗಿನ ಅಂಚಿಗೆ ಗೆದ್ದಲು ಹಿಡಿದಿದೆ. ಕುಡ್ಲದ ಅಕ್ಕ ಹೇಳಿದ್ದು ನಿಜವಾಯಿತು.

ಎಲೆಕ್ಟ್ರಿಷಿಯನ್ ಹೇಳುವುದು, ಹಳೇ ವೈರ್‌ಗಳನ್ನೆಲ್ಲ ಇದೇ ಜಾಗದಲ್ಲಿ ಜೋಡಿಸಿ, ಅಲ್ಲಿಂದ ಹೊಸ ವೈರಿನಲ್ಲಿ ಹೊಸ ಡಿಬಿಗೆ ತೆಗೆದುಕೊಂಡು ಹೋಗೋಣ, ಜೋಡಿಸಿದ ಜಾಗವನ್ನು ಪ್ಲಾಸ್ಟರ್ ಮಾಡಿ ಮುಚ್ಚೋಣ ಅಂತ. ಹಾಗೆ ಮಾಡಿದರೆ ಗೋಡೆ ನುಣುಪಾಗಿ ಕಾಣುತ್ತದೆ. ಇದು ಸರೀನಾ?

ವೈರ್‌ಮನ್ ಹುಬ್ಬಳ್ಳಿ

ಬೇಡ. ಇದೊಂದಕ್ಕೆ ಮಾತ್ರ ಒಪ್ಪಬೇಡಿ ಸರ್.

ಬೋರ್ಡ್ ಜಾಗ ಬದಲಿಸುವುದರಲ್ಲಿ ಇರುವ ಕಷ್ಟವೇ ಇದು. ಮನೆಯ ಎಲ್ಲಾ ಲೈನ್‌ಗಳೂ ಹಳೇ ಬೋರ್ಡಿನ ಹತ್ತಿರ ಬಂದು ನಿಂತಿರುತ್ತವೆ. ಹೊಸ ಜಾಗಕ್ಕೆ ಅವುಗಳ ಉದ್ದ ಸಾಲುವುದಿಲ್ಲ. ಹಾಗಾಗಿ ಎಲ್ಲಾ ಲೈನಿಗೂ ಒಂದೊಂದು ಜಾಯಿಂಟ್ ಬೀಳುತ್ತದೆ. ಜಾಯಿಂಟ್ ಇರಬಾರದು ಅಂತಲ್ಲ. ತಾಮ್ರದ ವೈರ್ ಆದರೆ, ಅದೇ ದಪ್ಪದ ವೈರಿಗೆ, ಒಳ್ಳೆಯ ಕನೆಕ್ಟರ್ ಹಾಕಿ, ಸ್ಕ್ರೂ ಮುಚ್ಚಳ ಇರುವ ಜಂಕ್ಷನ್ ಬಾಕ್ಸಿನಲ್ಲಿ ಇಟ್ಟರೆ ಸರಿ. ಆ ಮುಚ್ಚಳ ಕಣ್ಣಿಗೆ ಕಾಣಬೇಕು, ಯಾವಾಗ ಬೇಕಾದರೂ ತೆಗೆಯುವಂತಿರಬೇಕು. ಪ್ಲಾಸ್ಟರ್ ಒಳಗೆ ಹೂತರೆ ಮುಂದೆ ಯಾವ ಎಲೆಕ್ಟ್ರಿಷಿಯನ್‌ಗೂ ಅದು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ನಿಮ್ಮದು ಅಲ್ಯೂಮಿನಿಯಂ ಬೇರೆ. ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿದ ಕೂಡಲೇ ಆಕ್ಸೈಡ್ ಪದರ ಕೂರುತ್ತದೆ, ಅದರಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಬಿಸಿಯಾದಾಗ ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಸ್ಕ್ರೂ ಸಡಿಲವಾಗುತ್ತದೆ. ಸಡಿಲವಾದರೆ ಇನ್ನೂ ಬಿಸಿ. ತಾಮ್ರದ ಜೊತೆ ನೇರವಾಗಿ ಹೊಸೆದರೆ ಎರಡು ಲೋಹ ಸೇರಿದ ಜಾಗ ತೇವಕ್ಕೆ ತಿಂದುಹೋಗುತ್ತದೆ. ನಿಮ್ಮ ಟೇಪ್ ಕಪ್ಪಗಾಗಿರುವುದು ಅದರ ಗುರುತೇ.

ಹೇಗೂ ಗೋಡೆ ಒಡೆಯುತ್ತಿದ್ದೀರಿ, ಪೇಂಟ್ ಆಗಿಲ್ಲ. ರೀವೈರಿಂಗ್ ಮಾಡಿಸಿಬಿಡಿ. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರ್, ಎಲ್ಲಾ ತಾಮ್ರ, ಐಎಸ್‌ಐ ಗುರುತಿನದ್ದು. ಎಲ್ಲಾ ಲೈನಿಗೂ ಅರ್ತ್. ಹೊಸ ಡಿಬಿಯಿಂದ ಪಾಯಿಂಟ್‌ವರೆಗೆ ನಡುವೆ ಹೂತ ಜಾಯಿಂಟ್ ಇಲ್ಲದ ಹಾಗೆ ಎಳೆಸಿ. ಆಗ ಹಳೇ ಬೋರ್ಡಿನ ಜಾಗವನ್ನು ನಿಶ್ಚಿಂತೆಯಿಂದ ಪ್ಲಾಸ್ಟರ್ ಮಾಡಬಹುದು, ಯಾಕಂದರೆ ಅಲ್ಲಿ ಏನೂ ಇರುವುದಿಲ್ಲ.

ತುಮಕೂರು ಕಡೆಯವ

ಒಂದು ಬೋರ್ಡ್ ಮುಚ್ಚಲು ಹೋಗಿ ಇಡೀ ಮನೆ ರೀವೈರಿಂಗ್! ಲಕ್ಷಗಟ್ಟಲೆ ಖರ್ಚಿಗೆ ದಾರಿ ತೋರಿಸುತ್ತಿದ್ದೀರಿ.

ಮಲೆನಾಡ ಮಳೆ

ಅವರೇ ಮೊದಲ ಪೋಸ್ಟಿನಲ್ಲಿ ಹೇಳಿದ್ದಾರಲ್ಲ, ಮತ್ತೆ ಗೋಡೆ ಒಡೆಯುವ ಹಾಗಾಗಬಾರದು ಅಂತ. ಈಗ ಪೇಂಟ್ ಹೊಡೆಸಿ ಎರಡು ವರ್ಷಕ್ಕೆ ರೀವೈರಿಂಗ್ ಮಾಡಿಸಿದರೆ ಖರ್ಚು ಕಡಿಮೆಯಾಗುತ್ತದಾ?

ಪೂರ್ತಿ ಆಗದಿದ್ದರೆ ದಾರಿ ಇದೆ. ಗೀಸರ್, ಅಡುಗೆಮನೆ, ಫ್ರಿಜ್, ಪಂಪ್, ಈ ಭಾರದ ಲೈನ್‌ಗಳನ್ನು ಈಗ ಬದಲಿಸಿ. ಮಲಗುವ ಕೋಣೆಗಳ ಲೈಟ್ ಫ್ಯಾನ್ ಆಮೇಲೆ. ಆದರೆ ಹೊಸ ಡಿಬಿಯಲ್ಲಿ ಅವುಗಳಿಗೆ ಜಾಗ ಮತ್ತು ಖಾಲಿ ಪೈಪ್ ಈಗಲೇ ಬಿಡಿಸಿ.

ವೈರ್‌ಮನ್ ಹುಬ್ಬಳ್ಳಿ

ಇದು ಒಳ್ಳೆಯ ಸಲಹೆ. ಆ ಉಳಿದ ಅಲ್ಯೂಮಿನಿಯಂ ಲೈನ್‌ಗಳಿಗೆ ಚಿಕ್ಕ ಎಂಸಿಬಿ ಹಾಕಿಸಿ, ಜೋಡಿಸುವ ಕಡೆ ಎರಡೂ ಲೋಹಕ್ಕೆ ಆಗುವ ಕನೆಕ್ಟರ್ ಹಾಕಿಸಿ. ಕೊಟೇಶನ್ ತೆಗೆದುಕೊಳ್ಳುವಾಗ ಪಾಯಿಂಟ್ ಲೆಕ್ಕದ ಕೂಲಿ ಬೇರೆ, ಸಾಮಾನು ಬೇರೆ ಬರೆಸಿ. ವೈರನ್ನು ನೀವೇ ಅಂಗಡಿಯಲ್ಲಿ ಬಿಲ್ ಹಾಕಿಸಿ ತಂದರೆ ಒಳ್ಳೆಯದು.

ಕಲಬುರಗಿ ಬಿಸಿಲು

ಆರ್‌ಸಿಸಿಬಿ ಮರೆಯಬೇಡಿ. ಎಂಸಿಬಿ ಕಾಪಾಡುವುದು ವೈರನ್ನು. ಮನುಷ್ಯರನ್ನು ಕಾಪಾಡುವುದು ಆರ್‌ಸಿಸಿಬಿ. ಮನೆಗೆ 30 ಮಿಲಿಆಂಪಿಯರಿನದ್ದು. ಒಳಗೆ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರಲಿಲ್ಲ ಅಂದರೆ ಎಲ್ಲೋ ನೆಲಕ್ಕೆ ಇಲ್ಲವೇ ಯಾರದ್ದೋ ಮೈಗೆ ಹರಿಯುತ್ತಿದೆ ಅಂತ ಅರ್ಥ. ಅದನ್ನು ಕಂಡ ಕೂಡಲೇ ಲೈನ್ ಕಡಿಯುತ್ತದೆ. ನೀರಿನ ಮೋಟರ್, ಗೀಸರ್, ವಾಷಿಂಗ್ ಮಷೀನ್ ಇರುವ ಮನೆಗೆ ಇದಿಲ್ಲದೆ ಹೊಸ ಡಿಬಿ ಹಾಕಿಸುವುದರಲ್ಲಿ ಅರ್ಥವಿಲ್ಲ.

ಫ್ಲ್ಯಾಟ್‌ವಾಸಿ ಬೆಂಗಳೂರು

ನಮ್ಮ ಪಕ್ಕದ ಫ್ಲ್ಯಾಟಿನವರು ಹಾಕಿಸಿದ್ದರು. ಇನ್ವರ್ಟರ್ ಹಾಕಿದ ಮೇಲೆ ಪದೇ ಪದೇ ಟ್ರಿಪ್ ಆಗುತ್ತಿತ್ತು. ಕೊನೆಗೆ ಎಲೆಕ್ಟ್ರಿಷಿಯನ್ ಅದನ್ನು ಬೈಪಾಸ್ ಮಾಡಿ ಹೋದ. ಇನ್ವರ್ಟರ್ ಇದ್ದರೆ ಆರ್‌ಸಿಸಿಬಿ ಆಗಿಬರುವುದಿಲ್ಲ ಅಂತಾರೆ.

ಕಲಬುರಗಿ ಬಿಸಿಲು

ತಪ್ಪು ತಿಳುವಳಿಕೆ. ಆಗಿಬರುತ್ತದೆ. ತೊಂದರೆ ಇರುವುದು ನ್ಯೂಟ್ರಲ್‌ನಲ್ಲಿ. ಇನ್ವರ್ಟರ್ ಲೈನಿನ ಫೇಸ್ ಒಂದು ದಾರಿಯಲ್ಲಿ ಬಂದು, ನ್ಯೂಟ್ರಲ್ ಆರ್‌ಸಿಸಿಬಿಯ ಇನ್ನೊಂದು ಬದಿಯ ನ್ಯೂಟ್ರಲ್ ಲಿಂಕಿಗೆ (ನ್ಯೂಟ್ರಲ್ ವೈರ್‌ಗಳೆಲ್ಲ ಸೇರುವ ಪಟ್ಟಿ) ಸೇರಿಕೊಂಡರೆ ಲೆಕ್ಕ ತಪ್ಪುತ್ತದೆ, ಟ್ರಿಪ್ ಆಗುತ್ತದೆ. ಇನ್ವರ್ಟರ್ ಮೇಲೆ ನಡೆಯುವ ಲೈಟ್ ಫ್ಯಾನ್‌ಗಳ ನ್ಯೂಟ್ರಲ್ ಬೇರೆ ಲಿಂಕಿನಲ್ಲಿ, ಉಳಿದವುಗಳದ್ದು ಬೇರೆ ಲಿಂಕಿನಲ್ಲಿ ಇರಬೇಕು. ರೀವೈರಿಂಗ್ ಮಾಡುವಾಗ ಇದು ಸುಲಭ. ಹಳೇ ವೈರಿಂಗಿನಲ್ಲಿ ಎಲ್ಲಾ ನ್ಯೂಟ್ರಲ್ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಬಿಡಿಸುವುದು ಕಷ್ಟ. ಬೈಪಾಸ್ ಮಾಡಿದವರು ಆ ಕಷ್ಟವನ್ನು ತಪ್ಪಿಸಿಕೊಂಡರು ಅಷ್ಟೇ. ನಿಮ್ಮ ಪಕ್ಕದವರಿಗೆ ದಯವಿಟ್ಟು ತಿಳಿಸಿ, ಮಕ್ಕಳಿರುವ ಮನೆ ಆಗಿದ್ದರೆ ಇವತ್ತೇ ತಿಳಿಸಿ.

ವೈರ್‌ಮನ್ ಹುಬ್ಬಳ್ಳಿ

ನೂರಕ್ಕೆ ನೂರು ಸರಿ. ಇನ್ನೊಂದು, ಇನ್ವರ್ಟರ್ ಮನೆಯಲ್ಲಿ ಮೇನ್ ಆಫ್ ಮಾಡಿದ ಕೂಡಲೇ ಇನ್ವರ್ಟರ್ ಶುರುವಾಗುತ್ತದೆ. ಮೇನ್ ಆಫ್ ಇದೆ ಅಂತ ಸ್ವಿಚ್ ಬೋರ್ಡಿಗೆ ಕೈ ಹಾಕಿ ಶಾಕ್ ಹೊಡೆಸಿಕೊಂಡ ಹುಡುಗರನ್ನು ಕೆಲಸದಲ್ಲಿ ಕಂಡಿದ್ದೇನೆ. ಇನ್ವರ್ಟರ್‌ನಿಂದ ಬರುವ ಲೈನಿನ ಎಂಸಿಬಿ ಅದೇ ಡಿಬಿಯ ಪಕ್ಕದಲ್ಲೇ ಇರಲಿ, ಅದರ ಮೇಲೆ ದೊಡ್ಡದಾಗಿ ಬರೆದಿರಲಿ.

ಮೈಸೂರು ಮಲ್ಲಿಗೆವನ

ಚರ್ಚೆಯ ನಡುವೆ ಒಂದು ಸಣ್ಣ ಕೋರಿಕೆ. ಆಯುಧಪೂಜೆಗೆ ಮೇನ್ ಬೋರ್ಡಿಗೂ ಅರಿಶಿನ ಕುಂಕುಮ ಇಟ್ಟು ಹೂವು ಮುಡಿಸುವುದು ನಮ್ಮಲ್ಲಿ ರೂಢಿ. ಪೂಜೆ ಮಾಡಿ, ಆದರೆ ಕಲಸಿದ ಅರಿಶಿನದ ನೀರು, ಒದ್ದೆ ಹೂವು ಬೋರ್ಡಿನ ಸಂದಿಗೆ ಇಳಿಯದ ಹಾಗೆ ನೋಡಿಕೊಳ್ಳಿ. ಬಾಗಿಲು ಮುಚ್ಚಿರುವ ಡಿಬಿ ಆದರೆ ಹೊರಗಿನ ಬಾಗಿಲಿಗೆ ಒಣ ಕುಂಕುಮ ಇಟ್ಟರೆ ಸಾಕು. ದೀಪವನ್ನು ಅದರ ಕೆಳಗೆ ಇಡಬೇಡಿ.

ಕುಡ್ಲದಕ್ಕ

ಒಳ್ಳೆ ಮಾತು. ದೇವರ ಫೋಟೋದ ಹಿಂದೆ ಬೋರ್ಡ್ ಅಡಗಿಸುವವರೂ ಇದ್ದಾರೆ. ಮುಂದೆ ಊದುಬತ್ತಿ, ಹಿಂದೆ ವೈರು. ಬೇಡವೇ ಬೇಡ.

ದಾವಣಗೆರೆ ಹಳೇಮನೆ

ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದೆವು. ಟಿವಿ ಪ್ಯಾನೆಲ್ ಯೋಚನೆ ಬಿಟ್ಟೆವು, ಮೆಟ್ಟಿಲ ಗೂಡೂ ಬೇಡ. ಹಾಲ್‌ನಿಂದ ಊಟದ ಕೋಣೆಗೆ ಹೋಗುವ ಪಡಸಾಲೆಯಲ್ಲಿ ಒಂಬತ್ತು ಇಂಚಿನ ಒಣ ಗೋಡೆ ಇದೆ. ಮುಂಬಾಗಿಲಿನಿಂದ ಕಾಣುವುದಿಲ್ಲ, ಅಮ್ಮನ ಕೋಣೆಯಿಂದ ನಾಲ್ಕು ಹೆಜ್ಜೆ. ಅಲ್ಲಿ ಡಬಲ್ ಡೋರ್ ಡಿಬಿ, ಗೋಡೆಯ ಬಣ್ಣ. ಕೆಳಗಿನ ಮಹಡಿ ಪೂರ್ತಿ ರೀವೈರಿಂಗ್, ಮೇಲಿನ ಎರಡು ಕೋಣೆ ಮುಂದಿನ ಸಲ. ಮೀಟರ್ ಇದ್ದಲ್ಲೇ ಇರುತ್ತದೆ. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಸಿಕ್ಕಿದ್ದಾರೆ. ಡಿಬಿ ಎಷ್ಟು ಎತ್ತರದಲ್ಲಿ ಇರಬೇಕು? ಅವರು ಬಾಗಿಲ ಚೌಕಟ್ಟಿನ ಮೇಲಿನ ಮಟ್ಟಕ್ಕೆ ಗುರುತು ಹಾಕಿದ್ದಾರೆ, ಮಕ್ಕಳ ಕೈಗೆ ಸಿಗಬಾರದು ಅಂತ.

ಒಳಾಂಗಣ

ಅಷ್ಟು ಮೇಲೆ ಬೇಡ. ಅಮ್ಮ ಸ್ಟೂಲ್ ಹತ್ತಬೇಕಾಗುತ್ತದೆ, ಅದೂ ಕತ್ತಲಲ್ಲಿ. ಅವರನ್ನೇ ಗೋಡೆಯ ಮುಂದೆ ನಿಲ್ಲಿಸಿ, ಕಣ್ಣಿನ ಮಟ್ಟಕ್ಕೆ ಎಂಸಿಬಿಯ ಸಾಲು ಬರುವಂತೆ ಗುರುತು ಹಾಕಿಸಿ. ಸಣ್ಣ ಮಕ್ಕಳಿಗೆ ಆ ಎತ್ತರ ಎಟುಕುವುದಿಲ್ಲ.

ನಿವೃತ್ತ ಲೈನ್ ಮೇಸ್ತ್ರಿ

ಮುಂದೆ ಒಂದು ಮೀಟರ್ ಜಾಗ ಖಾಲಿ ಇರಲಿ. ಶೂ ಸ್ಟ್ಯಾಂಡ್, ಟೀಪಾಯಿ ಏನೂ ಬೇಡ. ಪಡಸಾಲೆಯ ಲೈಟನ್ನು ಇನ್ವರ್ಟರ್ ಲೈನಿಗೆ ಸೇರಿಸಿ, ಮೇನ್ ಹೋದಾಗ ಬೋರ್ಡಿನ ಮುಂದೆ ಬೆಳಕಿರುತ್ತದೆ. ಹೊರಗಿನ ಮೀಟರಿನ ಹತ್ತಿರವೂ ಒಂದು ಮೇನ್ ಇರಬೇಕು. ಮೀಟರಿನಿಂದ ಪಡಸಾಲೆವರೆಗೆ ಹೋಗುವ ಉದ್ದದ ವೈರಿಗೆ ಬೇರೆ ರಕ್ಷಣೆ ಇರುವುದಿಲ್ಲ.

ಶಿರಸಿ ಸೊಸೆ

ಎಂಸಿಬಿಗಳ ಕೆಳಗೆ ಕನ್ನಡದಲ್ಲೇ ಹೆಸರು ಬರೆಸಿ. "ಗೀಸರ್", "ಅಮ್ಮನ ರೂಮು", "ಪಂಪ್" ಅಂತ. ನಮ್ಮನೆಯಲ್ಲಿ ಎಸ್‌ಪಿ ಒನ್, ಎಸ್‌ಪಿ ಟೂ ಅಂತಿದೆ, ಯಾವುದು ಯಾವುದಕ್ಕೆ ಅಂತ ಯಾರಿಗೂ ಗೊತ್ತಿಲ್ಲ.

ವೈರ್‌ಮನ್ ಹುಬ್ಬಳ್ಳಿ

ಪೈಪ್ ಕೂರಿಸಿ ಪ್ಲಾಸ್ಟರ್ ಮಾಡುವ ಮುಂಚೆ ಎಲ್ಲಾ ಗೋಡೆಗಳ ಫೋಟೋ ತೆಗೆದಿಡಿ ಸರ್, ಪಕ್ಕದಲ್ಲಿ ಟೇಪು ಹಿಡಿದು ಅಳತೆ ಕಾಣುವ ಹಾಗೆ. ನಾಳೆ ಮೊಳೆ ಹೊಡೆಯುವಾಗ ಉಪಯೋಗಕ್ಕೆ ಬರುತ್ತದೆ.

ಕೆಲಸ ಮುಗಿದ ಮೇಲೆ, ಕೊನೆಯ ಕಂತು ಕೊಡುವ ಮುಂಚೆ, 500 ವೋಲ್ಟಿನ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಉಪಕರಣ) ಹಾಕಿಸಿ ನಿಮ್ಮ ಎದುರೇ ಅಳೆಸಿ. ಎಲ್ಲಾ ಲೈನಿನಲ್ಲೂ ಕನಿಷ್ಠ 1 ಮೆಗಾಓಮ್ ಬರಬೇಕು. ಹೊಸ ವೈರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಅರ್ತ್ ಕೂಡ ಅಳೆಸಿ, 1984ರ ಗುಂಡಿಯ ಉಪ್ಪು ಇದ್ದಿಲು ಈಗ ಏನಾಗಿದೆಯೋ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಅಮ್ಮನ ಕೈಯಲ್ಲೇ ಒತ್ತಿಸಿ. ಟಕ್ ಅಂತ ಕೆಳಗೆ ಬೀಳಬೇಕು.

ದಾವಣಗೆರೆ ಹಳೇಮನೆ

ಮೆಗ್ಗರ್ ಅವರ ಹತ್ತಿರ ಇದೆಯಾ ಅಂತ ಈಗಲೇ ಕೇಳಿ ಬರೆಸಿಕೊಳ್ಳುತ್ತೇನೆ. ಗೋಡೆ ಕಟಿಂಗ್ ಸೋಮವಾರ ಶುರು.